ತೋಳನಕೊಪ್ಪದ ವೀಳ್ಯ

ಹೂಲಿ ಗುಡ್ಡದ ಆಚೆಗಿನ ತೋಳನಕೊಪ್ಪದಲ್ಲಿ ಮುರಿದ ಕಾವಲು ಬುರುಜಿನ ಹುಡೇವು, ಮಾಳಿಗೆ ಕುಸಿದ ಗುಡಿ ಬಿಟ್ಟರೆ ಒಂದು ನರಪಿಳ್ಳೆಯೂ ಇರಲಿಲ್ಲ. ಸರ್ಕಾರದ ದಫ್ತರದಲ್ಲಿ ಅದು ಬೇಚಿರಾಕ್, ಅಂದರೆ ದೀಪ ಹಚ್ಚುವವರಿಲ್ಲದ ಊರು. ಆದರೂ ಅದಕ್ಕೊಬ್ಬ ಗೌಡನಿದ್ದ. ಪಕ್ಕದ ಮಾಳಗೇರಿಯಲ್ಲಿದ್ದ ಆ ಗೌಡ ನಿಜಗುಣಪ್ಪನ ಹಿರಿಯರು ಆ ಊರು ಬಿಟ್ಟು ಆರು ತಲೆಮಾರಾಗಿತ್ತು. ಮದುವೆಗಳಲ್ಲಿ ಊರೂರ ಹೆಸರು ಕೂಗಿ ವೀಳ್ಯ ಕೊಡುವಾಗ "ತೋಳನಕೊಪ್ಪ!" ಎಂದ ಕೂಡಲೇ ಅವನು ರುಮಾಲು ಸರಿಮಾಡಿಕೊಂಡು ಏಳುತ್ತಿದ್ದ. ಆ ಎರಡೆಲೆ, ಒಂದಡಿಕೆಗಾಗಿಯೇ ಬದುಕಿದ್ದನೆಂದರೂ ಸುಳ್ಳಲ್ಲ.

ಎಪ್ಪತ್ತಾರನೆಯ ಇಸವಿಯಲ್ಲಿ, ಅವನ ಮೊಮ್ಮಗಳ ಮದುವೆಗೆ ಎಂಟು ದಿನವಿರುವಾಗ ಊರ ಲೆಕ್ಕ ಬರೆಯುವ ತಲಾಠಿ ಬಂದ.

"ಖಾಲಿ ಊರಿನ ಹೆಸರು ಹೊಡದ ಹಾಕ್ರಿ ಅಂತ ಹುಕುಂ ಬಂದೈತ್ರಿ. ಮುಂದಿನ ಸೋಮವಾರ ಎಣಸಾಕ ಬರತೇನಿ. ಒಬ್ಬ ಮನಷ್ಯಾ ಇದ್ರೂ ಹೆಸರು ಉಳೀತೈತಿ."

ಹೆಸರೇ ಇಲ್ಲದ ಊರನ್ನು ವೀಳ್ಯಕ್ಕೆ ಕೂಗುವವರಾರು? ತಲಾಠಿ ಮೊದಲೇ ಬಂದುಬಿಟ್ಟಾನೆಂಬ ಭಯಕ್ಕೆ ನಿಜಗುಣಪ್ಪ ಅಂದೇ ಹಾಳುಗುಡಿಯಲ್ಲಿ ಬಿಡಾರ ಹೂಡಿದ. ಅಲ್ಲಿಯ ಓತಿಕ್ಯಾತಗಳು ಗೌಡನನ್ನು ಕ್ಯಾರೇ ಎನ್ನಲಿಲ್ಲ. ಸಂಕಟವೆಂದರೆ, ಮದುವೆಯೂ ಆ ಸೋಮವಾರವೇ; ಊಟ ಬಿಟ್ಟು ಅವನ ಬದಲು ಬಂದು ಕೂರುವವರು ಮಾಳಗೇರಿಯಲ್ಲಿ ಯಾರೂ ಇರಲಿಲ್ಲ. ಎದ್ದು ಹೋದರೆ ಊರು ಹೋಯಿತು, ಕೂತರೆ ವೀಳ್ಯ ಹೋಯಿತು. ಮೂರು ಸಲ ಕೂಗಿದರೂ ಏಳದ ಊರನ್ನು ಮತ್ತೆಂದೂ ಕೂಗುವ ಪದ್ಧತಿಯಿರಲಿಲ್ಲ. ಅವನು ಕೂತ. ದೂರದಿಂದ ಮದುವೆಯ ಹಲಗೆ ಬಾರಿಸುವ ಸದ್ದು ಕೇಳಿದಾಗ ಮುದುಕ ನಾಚಿಕೆ ಬಿಟ್ಟು ಅತ್ತ.

ಸದ್ದು ಹತ್ತಿರವಾಗುತ್ತ ಬಂತು. ಮುಂದೆ ಹೆಂಡತಿ ಕೃಷ್ಣವ್ವ, ಹಿಂದೆ ಮದುಮಕ್ಕಳು, ಬೀಗರು, ಕೂಸು ಎತ್ತಿಕೊಂಡ ಬಾಣಂತಿಯರು, ಮಾಳಗೇರಿಗೆ ಮಾಳಗೇರಿಯೇ.

"ಎರಡು ಸಲ ಕೂಗ್ಯಾರ. ಮೂರನೇದು ನನ್ನ ಗಂಡನ ಮುಂದನ ಕೂಗ್ರಿ ಅಂತ ಹಟಾ ಹಿಡದೆ," ಎಂದಳು ಕೃಷ್ಣವ್ವ. "ಏಳ್ರಿ ಇನ್ನ."

ಕೂಗಿದರು. ನಿಜಗುಣಪ್ಪ ಎದ್ದು ವೀಳ್ಯ ಕಣ್ಣಿಗೊತ್ತಿಕೊಂಡ. ಆ ಸುಖ ಹೇಳತೀರದು.

ಅಷ್ಟರಲ್ಲಿ ಸೈಕಲ್ ದೂಡುತ್ತ ತಲಾಠಿ ಬಂದ. ಹುಕುಂ ಅಂದರೆ ಹುಕುಂ. ಕಂಕುಳ ಕೂಸನ್ನೂ ಬಿಡದೆ ಎಣಿಸಿ, "ತೋಳನಕೊಪ್ಪ, ನಾನೂರಾ ಹನ್ನೆರಡು ಮಂದಿ" ಎಂದು ಬರೆದುಕೊಂಡ.

"ಈಗ ಮಾಳಗೇರಿ ಎಣಿಸೇ ಬಂದೇನ್ರಿ," ಎಂದ. "ಅಲ್ಲಿ ನಾಯಿ ಸೈತ ಇಲ್ಲ. ಬೇಚಿರಾಕ್ ಅಂತ ಬರದೇನಿ. ಹೊತ್ತು ಮುಳುಗೂದ್ರಾಗ ಯಾರರ ಕಂಡ್ರ ತಿದ್ದತೇನಿ."

ಮಾಳಗೇರಿಯ ಗೌಡ ರಾಯಪ್ಪನ ಮುಖ ಬಿಳಿಚಿಕೊಂಡಿತು. ಖಾಲಿ ಊರಿನ ಗೌಡನೆಂದು ಜೀವಮಾನವಿಡೀ ನಿಜಗುಣಪ್ಪನನ್ನು ಅಣಕಿಸಿದವನೇ ಅವನು. ನಿಜಗುಣಪ್ಪನಿಗೆ ನಗಬೇಕೆನಿಸಿತು, ಆದರೆ ನಗು ಬರಲಿಲ್ಲ. ಆ ಎಂಟು ದಿನ ಹೇಗಿದ್ದವೆಂದು ಅವನೊಬ್ಬನಿಗೇ ಗೊತ್ತಿತ್ತು. ರಾಯಪ್ಪನ ಹೆಗಲ ಮೇಲೆ ಕೈಯಿಟ್ಟ.

"ಲಗೂನ ಹೋಗಿ ಕುಂದರ್ರಿ ಗೌಡ್ರ," ಎಂದ. "ಯಾರು ಕೂಗಿದ್ರೂ ಏಳಬ್ಯಾಡ್ರಿ."