ಹನ್ನೊಂದು ಎಕರೆಯ ಸಾಧಕಿ

ಸಾಹುಕಾರ ಪುಟ್ಟಬಸಪ್ಪನವರ ಜೀಪು ಹೊಲದ ಬದುವಿಗೆ ಬಂದು ನಿಂತಾಗ ಲೋಕೇಶ್ವರಿ ನಾಲ್ಕನೇ ಸಾಲಿನ ಚೆಂಡುಹೂ ಬಿಡಿಸುತ್ತಿದ್ದಳು. ಬೆಳಿಗ್ಗೆ ಇನ್ನೂ ಎಂಟಾಗಿರಲಿಲ್ಲ. ಸಾಹುಕಾರರು ಒಂದು ಕೈಯಲ್ಲಿ ಪಂಚೆ ಎತ್ತಿಕೊಂಡು, ಇನ್ನೊಂದು ಕೈಯಲ್ಲಿ ಒಂದು ಪುಸ್ತಕ ಹಿಡಿದು ಇಳಿದರು. ಹೂ ತುಳಿದರೆ ಕೂಲಿಯವರನ್ನು ಸುಮ್ಮನೆ ಬಿಡದ ಮನುಷ್ಯ, ಅವತ್ತು ತಾವೇ ಸಾಲಿನ ಮೇಲೆ ಚಪ್ಪಲಿ ಕಾಲಿಟ್ಟು ನಡೆದು ಬಂದರು.

"ಲೇ ಮಾದಿ! ಎಲ್ಲಮ್ಮಿ ನಿನ್ ಮಗ್ಳು? ಒಲ ಮಾಡವ್ಳಂತಲ್ಲ, ಒಡತಿ ಮೊಕ ಒಂದ್ಸಲ ನೋಡನ!"

ಲೋಕೇಶ್ವರಿಯ ಅವ್ವ ಮಾದಿ ಸೊಂಟದ ಹೂಚೀಲ ಬಿಚ್ಚದೆಯೇ ಕೈಮುಗಿದಳು. "ಏನಾಯ್ತು ಬುದ್ದಿ?" ಎಂದಳು. ಅವ್ವ ಕೈಮುಗಿಯುವುದನ್ನು ಕಂಡರೇ ಲೋಕೇಶ್ವರಿಗೆ ಮೈ ಉರಿಯುತ್ತಿತ್ತು. ಅವತ್ತು ಏನಾಗಿದೆ ಎಂದು ಗೊತ್ತಾಗುವ ಮೊದಲೇ ಉರಿಯಿತು.

ಸಾಹುಕಾರರು ಪುಸ್ತಕ ತೆರೆದು ಅವಳ ಮುಖಕ್ಕೆ ಹಿಡಿದರು. ಅವಳದೇ ಫೋಟೋ. ಇದೇ ಹೊಲ, ಹಿಂದೆ ಹಳದಿ ಹೂವಿನ ಸಾಲು. ಕೆಳಗೆ ದಪ್ಪ ಅಕ್ಷರದಲ್ಲಿ: "ಕು. ಲೋಕೇಶ್ವರಿ, ಬಿ.ಎ. ಯಶಸ್ವಿ ಪುಷ್ಪ ಕೃಷಿ ಉದ್ಯಮಿ. ಗೆಟ್ಟವಾಡಿಯ ತಮ್ಮ ಹನ್ನೊಂದು ಎಕರೆ ಜಮೀನಿನಲ್ಲಿ ಹಲವರಿಗೆ ಉದ್ಯೋಗ ನೀಡಿದ್ದಾರೆ."

ಆ ಹಲವರು, ಅಂದರೆ ಹದಿನಾಲ್ಕು ಜನ ಹೆಂಗಸರು, ಕೆಲಸ ನಿಲ್ಲಿಸಿ ಅವಳನ್ನೇ ನೋಡುತ್ತಿದ್ದರು. ಯಾರೋ ಒಬ್ಬಳು ಕಿಸಕ್ಕನೆ ನಕ್ಕಳು. ಲೋಕೇಶ್ವರಿಗೆ ಭೂಮಿಯೊಳಗೆ ಇಳಿದುಹೋಗಬೇಕೆನ್ನಿಸಿತು, ಆದರೆ ಆ ಭೂಮಿಯೂ ಅವಳದಲ್ಲವಲ್ಲ.

ಆದದ್ದು ಇಷ್ಟೆ. ಎರಡು ತಿಂಗಳ ಹಿಂದೆ ಇತಿಹಾಸದ ಮೇಷ್ಟ್ರು ರಾಜಶೇಖರ್ ಬೈಕಿನಲ್ಲಿ ಬಂದಿದ್ದರು. ಊರು ತಮಿಳುನಾಡಿಗೆ ಸೇರಿದ್ದು, ಮೇಷ್ಟ್ರ ಕಾಲೇಜು ಗಡಿಯಾಚೆ, ಚಾಮರಾಜನಗರದ ಕಡೆ. ಲೋಕೇಶ್ವರಿ ಮೂರು ವರ್ಷ ದಿನಾ ಬಸ್ಸಿನಲ್ಲಿ ಹೋಗಿ ಬಂದು ಇತಿಹಾಸದಲ್ಲಿ ಫಸ್ಟ್ ಕ್ಲಾಸ್ ತೆಗೆದಿದ್ದಳು. ತೆಗೆದು ಏನು ಮಾಡುವುದು? ಆ ಕಡೆ ಕೆಲಸ ಕೇಳಿದರೆ ನೀನು ತಮಿಳುನಾಡಿನವಳು ಅಂದರು. ಈ ಕಡೆ ಕೇಳಿದರೆ ನಿನ್ನ ಓದೆಲ್ಲ ಕನ್ನಡದಲ್ಲಿದೆಯಲ್ಲ, ಮೊದಲು ತಮಿಳು ಪರೀಕ್ಷೆ ಪಾಸು ಮಾಡು ಅಂದರು. ಎರಡು ರಾಜ್ಯ ಸೇರಿ ಒಬ್ಬಳಿಗೆ ಒಂದು ಕುರ್ಚಿ ಕೊಡಲಾರದೆ ಹೋದವು. ಅವಳು ಅವ್ವನ ಜೊತೆ ಹೂ ಬಿಡಿಸಲು ಬಂದಳು.

"ಕಾಲೇಜಿಗೆ ತಪಾಸಣೆಯವರು ಬರ್ತಾರಮ್ಮ. ನಮ್ಮ ವಿದ್ಯಾರ್ಥಿಗಳು ಏನೇನು ಸಾಧಿಸಿದ್ದಾರೆ ಅಂತ ತೋರಿಸದಿದ್ರೆ ಇತಿಹಾಸ ವಿಭಾಗಾನೇ ಮುಚ್ಚಿಬಿಡ್ತಾರೆ," ಎಂದಿದ್ದರು ಮೇಷ್ಟ್ರು. "ಈಗ ಏನು ಮಾಡ್ತಿದ್ದೀಯ?"

"ಹೂ ಬಿಡಿಸ್ತೀನಿ ಸಾರ್."

"ಪುಷ್ಪ ಕೃಷಿ! ಎಷ್ಟು ಎಕರೆ?"

"ಈ ಹೊಲವಾ? ಹನ್ನೊಂದು ಎಕರೆ ಸಾರ್."

ಅವರು ಬರೆದುಕೊಂಡರು. ತಲೆಗೆ ಕಟ್ಟಿದ ಟವೆಲ್ ತೆಗೆಸಿದರು, ಚೀಲ ಪಕ್ಕಕ್ಕಿಡಿಸಿದರು, ನಗಮ್ಮಾ ಎಂದರು. ಏನು ಬರೆದಿರಿ ಎಂದು ಅವಳು ಕೇಳಲಿಲ್ಲ. ಕೇಳಬೇಕಿತ್ತು. ಮೇಷ್ಟ್ರು ತನ್ನನ್ನು ಹುಡುಕಿಕೊಂಡು ಬಂದರಲ್ಲ ಎಂಬ ಖುಷಿಗೆ ಬಾಯಿ ಕಟ್ಟಿಹೋಗಿತ್ತು. ಈಗ ಅದನ್ನು ನೆನೆದು ತನ್ನ ಕೆನ್ನೆಗೇ ಎರಡು ಬಾರಿಸಿಕೊಳ್ಳಬೇಕೆನ್ನಿಸಿತು.

ಹಳೆಯ ವಿದ್ಯಾರ್ಥಿಗಳ ಸಾಧನೆಯ ಆ ಪುಸ್ತಕವನ್ನು ಕಾಲೇಜಿನಿಂದ ಮನೆಗೆ ತಂದವನು ಸಾಹುಕಾರರ ಮಗ ವೃಷಭೇಂದ್ರ. ಅವಳ ಕ್ಲಾಸಿನವನೇ. ಅವಳ ನೋಟ್ಸ್ ಜೆರಾಕ್ಸ್ ಮಾಡಿಸಿಕೊಂಡು ಮೂರನೇ ಸಲಕ್ಕೆ ಪಾಸಾದವನು. ಅವನ ಪುಟದಲ್ಲಿ "ಯುವ ಸಮಾಜ ಸೇವಕ" ಎಂದಿತ್ತು. ಬುಲೆಟ್ ಗಾಡಿಯಲ್ಲಿ ಊರೂರು ಸುತ್ತುವುದಕ್ಕೆ ಹಾಗೂ ಒಂದು ಹೆಸರಿದೆ ಎಂದು ಅವತ್ತೇ ಊರಿಗೆ ತಿಳಿದದ್ದು. ಮಗನ ಪುಟ ನೋಡಿ ಉಬ್ಬಿದ ಅಪ್ಪ ಹಾಳೆ ತಿರುಗಿಸಿದ್ದಾರೆ, ಮುಂದಿನ ಪುಟದಲ್ಲಿ ತಮ್ಮ ಹೊಲ, ಅದರಲ್ಲಿ ಮಾದಿಯ ಮಗಳು.

"ಅಚ್ಚಾಕ್ಸ್ಬುಟ್ಟವ್ಳೆ! ನಾಳೆ ಇದ್ನೇ ಇಡ್ಕಂಡು ತಾಲೂಕಾಪೀಸ್ಗೆ ಓಗಿ ಪಟ್ಟಾ ಕೊಡಿ ಅಂತೀಯ. ನಂಗೊತ್ತಿಲ್ವಾ ನಿಮ್ ಆಟ?" ಎಂದು ಸಾಹುಕಾರರು ಪುಸ್ತಕ ಕುಲುಕಿದರು.

ಕಾಲೇಜಿನ ಪುಸ್ತಕ ತೋರಿಸಿ ಜಮೀನು ಬರೆಸಿಕೊಳ್ಳುತ್ತಾರೆಂದು ಹೆದರುವ ಮನುಷ್ಯನನ್ನು ಕಂಡು ಬೇರೆ ದಿನವಾಗಿದ್ದರೆ ಅವಳಿಗೆ ನಗು ಬರುತ್ತಿತ್ತು. "ನಾನ್ ಬರೆಸಿದ್ದಲ್ಲ ಸಾವ್ಕಾರ್ರೆ. ತಡೀರಿ," ಎಂದು ಎಲ್ಲರಿಗೂ ಕೇಳಿಸುವಂತೆ ಮೇಷ್ಟ್ರಿಗೆ ಫೋನು ಹಚ್ಚಿದಳು.

"ಪ್ರಿಂಟ್ ಆಗೋಗಿದೆ ಬಿಡಮ್ಮ," ಎಂದಿತು ಮೇಷ್ಟ್ರ ದನಿ. "ಒಳ್ಳೇದೇ ಬರೆದಿದ್ದೀನಲ್ಲ? ಕೂಲಿ ಅಂತ ಹಾಕಿದ್ರೆ ನಿನಗೂ ಅವಮಾನ, ನಮಗೂ ಅವಮಾನ."

"ಕೂಲಿ ಮಾಡೋದು ನನಗೆ ಅವಮಾನ ಅಲ್ಲ ಸಾರ್. ಓದಿಸಿ ಕೂಲಿಗೆ ಕಳಿಸಿದೋರು ನಾಚ್ಕೋಬೇಕು!" ಆ ಕಡೆ ಫೋನು ಕಟ್ಟಾಯಿತು.

ಸಾಹುಕಾರರು ಅದಕ್ಕೆಲ್ಲ ಕರಗುವವರಲ್ಲ. ಜೀಪಿನಿಂದ ಬಿಳಿ ಹಾಳೆ, ಪೆನ್ನು ತಂದರು. "ಒಂದು ಮನು ಬರ್ಕೊಡು, ಅರ್ಜಿ. ಗ್ರಾಮಾಧಿಕಾರಿ ವಿಎಓ ತಾವ ಕೊಟ್ಟು ಸೀಲಾಕುಸ್ತೀನಿ. ಬರ್ಕೊಡ್ನಿಲ್ವಾ, ನಾಳೆಯಿಂದ ನೀನೂ ನಿಮ್ಮವ್ವನೂ ಈ ಒಲಕ್ಕೆ ಕಾಲಿಡಂಗಿಲ್ಲ. ಈ ಸುತ್ತಿನಲ್ಲಿ ಇನ್ಯಾರಾರು ನಿಮ್ನ ಕರೀತಾರಾ ನೋಡೇ ಬುಡ್ತೀನಿ."

ಅದು ಬರೀ ಮಾತಲ್ಲ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಮಾದಿ ಮದುವೆಯಾಗಿ ಬಂದಾಗಿನಿಂದ ಮೂವತ್ತು ವರ್ಷ ದುಡಿದ ಹೊಲ ಇದು. ಮನೆಯ ಒಲೆ ಉರಿಯುತ್ತಿದ್ದದ್ದು ಇದರಿಂದಲೇ.

"ಬರ್ಕೊಟ್ಬುಡು ಕಣವ್ವ," ಎಂದಳು ಮಾದಿ.

ಲೋಕೇಶ್ವರಿ ಬದುವಿನ ಮೇಲೆ ಕೂತು, ಆ ಪುಸ್ತಕವನ್ನೇ ತೊಡೆಯ ಮೇಲಿಟ್ಟು, ಅದರ ಮೇಲೆ ಹಾಳೆ ಹರಡಿದಳು. ಬೆರಳಿಗೆಲ್ಲ ಹೂವಿನ ಹಸಿರು ಅಂಟು. ಸಾಹುಕಾರರು ಹೇಳುತ್ತಾ ಹೋದರು, ಅವಳು ಅದನ್ನು ಅರ್ಜಿಯ ಭಾಷೆಗೆ ತಿರುಗಿಸುತ್ತಾ ಹೋದಳು. ತಾನು ಕೂಲಿಯವಳು. ಈ ಹೊಲ ತನ್ನದಲ್ಲ. ಪುಸ್ತಕದಲ್ಲಿರುವುದು ಸುಳ್ಳು. ಪ್ರತಿ ಅಕ್ಷರವೂ ನಿಜವೇ, ಆದರೂ ಒಂದೊಂದು ಬರೆಯುವಾಗಲೂ ಹಲ್ಲು ಕಚ್ಚಿಕೊಂಡಳು. ಓದಿದ ಮೂರು ವರ್ಷದಲ್ಲಿ ಕಲಿತ ಚಂದದ ಅಕ್ಷರ ಕೊನೆಗೆ ಇದಕ್ಕೆ ಬಂತು.

"ಮುಂದ್ಕೆ ಬರಿ," ಎಂದರು ಸಾಹುಕಾರರು. "ಬಾವಿ ಮಗ್ಗುಲಿನ ಎರಡು ಎಕ್ರೆನೂ ಸೇರಿದಂಗೆ, ನಮ್ ತಾತ ನಂಜಪ್ಪನ ಕಾಲದಿಂದ್ಲೂ ನಮ್ಗೆ ಯಾವ ಅಕ್ಕೂ ಇಲ್ಲ..."

ಪೆನ್ನು ನಿಂತಿತು.

ತನ್ನ ತಾತನ, ಅಂದರೆ ಅವ್ವನ ಮಾವನ ಹೆಸರನ್ನು ಯಾರೂ ಎತ್ತಿರಲಿಲ್ಲ. ಪುಸ್ತಕದಲ್ಲಿಯೂ ಇರಲಿಲ್ಲ. ಹನ್ನೊಂದು ಎಕರೆಯ ಜಗಳದಲ್ಲಿ ಈ ಎರಡು ಎಕರೆ ಬೇರೆಯಾಗಿ ಎಲ್ಲಿಂದ ಬಂತು? ಇದೇ ರಾಜಶೇಖರ್ ಮೇಷ್ಟ್ರು ಒಮ್ಮೆ ಕ್ಲಾಸಿನಲ್ಲಿ ಹೇಳಿದ್ದರು, ಹಳೆಯ ಪತ್ರಗಳಲ್ಲಿ ಯಾರೂ ಕೇಳದ್ದನ್ನು ಒಬ್ಬ ತಾನಾಗಿಯೇ ಇಲ್ಲ ಇಲ್ಲ ಅನ್ನುತ್ತಿದ್ದರೆ ಅಲ್ಲಿಯೇ ಹುಡುಕಬೇಕು ಎಂದು. ಇಪ್ಪತ್ತು ಅಂಕದ ಪ್ರಶ್ನೆಗೆ ಅವಳು ಅದನ್ನೇ ಬರೆದಿದ್ದಳು.

ಅವಳು ಅವ್ವನ ಕಡೆ ನೋಡಿದಳು. ಅವ್ವ ಬಾವಿಯ ಕಡೆ ನೋಡುತ್ತಿದ್ದಳು. ಮೂವತ್ತು ವರ್ಷ ಈ ಹೊಲದಲ್ಲಿ ದುಡಿದರೂ ಮಾದಿ ಆ ಬಾವಿಯ ಒಂದು ಗುಟುಕು ನೀರು ಕುಡಿದವಳಲ್ಲ, ದಿನಾ ಮನೆಯಿಂದಲೇ ತರುತ್ತಿದ್ದಳು. ಹಿಂದೆ ನಮ್ಮವರನ್ನು ಬಾವಿಗೆ ಸೇರಿಸುತ್ತಿರಲಿಲ್ಲ, ಆ ಅಭ್ಯಾಸ ಇರಬೇಕು ಎಂದು ಮಗಳು ಅಂದುಕೊಂಡಿದ್ದಳು.

"ಸಾವ್ಕಾರ್ರೆ, ಬಾವಿ ಮಗ್ಗುಲಿಂದು ಯಾಕ್ ಬೇರೆ ಬರೀಬೇಕು?"

"ಏಳಿದಷ್ಟು ಬರಿ."

"ನಮ್ ತಾತನ ಎಸ್ರು ಯಾಕ್ ಬತ್ತು?"

"ಬರೀಮ್ಮಿ ಅಂದ್ರೆ!" ಎಂದು ಕೂಗಿದರು. ಆದರೆ ಆ ಕೂಗಿನಲ್ಲಿ ಮೊದಲಿನ ಗತ್ತಿರಲಿಲ್ಲ. ಪಂಚೆಯನ್ನು ಎತ್ತಿ ಕಟ್ಟಿದರು, ಮತ್ತೆ ಇಳಿಬಿಟ್ಟರು. "ನಿಮ್ ತಾತ ಆಗ್ಲೇ ಎಬ್ಬೆಟ್ಟು ಒತ್ತವ್ನೆ. ಮುಗ್ದೋಗದೆ ಅದು!"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಾನು ಏನು ಆಡಿಬಿಟ್ಟೆ ಎಂದು ಸಾಹುಕಾರರಿಗೂ ಆಮೇಲೆ ಹೊಳೆಯಿತು. ಬಾಯಿ ಒರೆಸಿಕೊಂಡರು.

ಲೋಕೇಶ್ವರಿಯ ಸಿಟ್ಟು ಆಗ ಬೇರೆಯೇ ಆಯಿತು. ಅರ್ಧ ಬರೆದ ಹಾಳೆಯನ್ನು ಮಡಿಸಿ, ಪುಸ್ತಕದಲ್ಲಿ ತನ್ನ ಫೋಟೋ ಇದ್ದ ಪುಟದಲ್ಲಿಟ್ಟು ಎದ್ದಳು.

"ಏನೂಂತ ಬರೆದಿದ್ರು, ಯಾವುದಕ್ಕೆ ಒತ್ತಿದ್ರು, ನಮ್ ತಾತಂಗೆ ಓದಕ್ಕೆ ಬತ್ತಿರ್ನಿಲ್ಲ ಸಾವ್ಕಾರ್ರೆ. ನಂಗೆ ಬತ್ತದೆ. ತಾಲೂಕಾಪೀಸಲ್ಲಿ ಅಳೇ ಕಾಗ್ದ ತೆಗೆಸಿ ಓದ್ತೀನಿ. ಓದಿದ್ ಮೇಲೆ ಸೈನ್ ಆಕ್ಬೇಕೋ ಬ್ಯಾಡ್ವೋ ಅಂತ ಏಳ್ತೀನಿ."

"ಕೆಲ್ಸ ಓಯ್ತದೆ! ಇಬ್ರುದೂ ಓಯ್ತದೆ!"

"ಓಗ್ಲಿ. ಈ ಪುಸ್ತಕದಲ್ಲಿ ಅನ್ನೊಂದು ಎಕ್ರೆ ಅಂತ ಅದೆ, ಅದು ಸುಳ್ಳು. ಎರಡು ಎಕ್ರೆ ಅಂತ ನೀವೇ ಏಳ್ಕೊಟ್ರಿ. ಮೇಷ್ಟ್ರಿಗೆ ತಿದ್ದಕ್ಕೆ ಏಳ್ತೀನಿ."

ಅವ್ವ ಈಗ ಕಾಲಿಗೆ ಬೀಳುತ್ತಾಳೆ ಎಂದು ಲೋಕೇಶ್ವರಿ ಹೆದರಿದಳು. ಬಿದ್ದರೆ ಎಲ್ಲ ಮುಗಿಯಿತು. ಮಾದಿ ಸೊಂಟದ ಚೀಲದ ಗಂಟು ಬಿಚ್ಚಿದಳು. ಬೆಳಗಿನಿಂದ ಬಿಡಿಸಿದ್ದ ಹೂವನ್ನೆಲ್ಲ ಸಾಹುಕಾರರ ಕಾಲ ಮುಂದೆ ಸುರಿದು, ಖಾಲಿ ಚೀಲ ಕೊಡವಿ ಹೆಗಲಿಗೆ ಹಾಕಿಕೊಂಡಳು. ಆಮೇಲೆ ಮಗಳ ಕಡೆ ತಿರುಗಿದಳು.

"ಎರಡಲ್ಲ ಕಣವ್ವ," ಎಂದಳು. "ಎರಡೂವರೆ."