ಪಾಸ್‌ವರ್ಡಿನ ಹಕಾರ

ದೀಪಿಕಳ ಆರು ವರ್ಷದ ದುಡಿಮೆಗೆ ಇನ್ನು ಉಳಿದಿದ್ದು ಒಂದೂವರೆ ಗಂಟೆ. ಸಂಜೆ ಐದರೊಳಗೆ ಅವಳ ಪಿಎಚ್.ಡಿ. ಪ್ರಬಂಧ ವಿಶ್ವವಿದ್ಯಾಲಯದ ಪೋರ್ಟಲ್‌ಗೆ ಏರಬೇಕು. ಏರದಿದ್ದರೆ ನೋಂದಣಿಯೇ ರದ್ದು. ಅವಧಿ ವಿಸ್ತರಣೆ ಎರಡು ಸಲ ಪಡೆದಾಗಿದೆ, ಮೂರನೆಯದು ನಿಯಮದಲ್ಲೇ ಇಲ್ಲ. ಪ್ರಬಂಧವೇನೋ ಪೆನ್‌ಡ್ರೈವಿನಲ್ಲಿ ಭದ್ರವಾಗಿತ್ತು. ಆದರೆ ಕಳಿಸುವುದು ಕನ್ನಡ ವಿಭಾಗದ ಖಾತೆಯಿಂದಲೇ ಆಗಬೇಕು, ಆ ಖಾತೆಯ ಪಾಸ್‌ವರ್ಡ್ ಗೊತ್ತಿದ್ದವನು ಶಿವರಾಜು ಒಬ್ಬನೇ. ಹದಿನೆಂಟು ವರ್ಷ ವಿಭಾಗದ ಕಂಪ್ಯೂಟರ್ ಆಪರೇಟರ್ ಆಗಿದ್ದ ಆ ಪುಣ್ಯಾತ್ಮ ಹಿಂದಿನ ವಾರವಷ್ಟೇ ನಿವೃತ್ತನಾಗಿ ಮಂಡ್ಯ ಬಿಟ್ಟು ತನ್ನೂರು ಹಲಗೂರು ಸೇರಿದ್ದ. ಹಾರ ಹಾಕಿದರು, ಶಾಲು ಹೊದಿಸಿದರು, ಫೋಟೊ ತೆಗೆಸಿಕೊಂಡರು. ಪಾಸ್‌ವರ್ಡ್ ಕೇಳಬೇಕೆಂದು ಒಬ್ಬರಿಗಾದರೂ ಹೊಳೆಯಬೇಡವೇ?

ವಿಭಾಗದ ಮುಖ್ಯಸ್ಥರೂ ಅವಳ ಮಾರ್ಗದರ್ಶಕರೂ ಆದ ತಿರುನಾರಾಯಣ ಅವನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು.

“ಅಲಗೂರು ಅಂತ ಇಂಗ್ಲೀಸ್ನಲ್ಲಿ ಒಡೀರಿ ಸಾ. ಎಲ್ಲಾ ಸಣ್ಣಕ್ಸರ. ಮುಂದ್ಕೆ ಒಂದು ಎಲ್ಡು ಮೂರು. ನಾನು ಬಸ್ಸಲ್ಲಿವ್ನಿ ಸಾ, ಸರ್ಯಾಗ್ ಕೇಳುಸ್ತಾ...”

ಅಷ್ಟಕ್ಕೆ ಕಡಿದುಹೋಯಿತು. ಮತ್ತೆ ಮಾಡಿದರೆ ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂಬ ಅದೇ ರಾಗ.

“ಹಲಗೂರು,” ಎಂದು ತಿದ್ದಿ ಮೇಷ್ಟ್ರು ತಾವೇ ಕೀಲಿಮಣೆ ಎಳೆದುಕೊಂಡರು. ತಿದ್ದುವುದು ಅವರ ಹುಟ್ಟುಗುಣ. ಮೊದಲ ವರ್ಷದ ಸೆಮಿನಾರಿನಲ್ಲಿ ದೀಪಿಕಳ ಬಾಯಿಂದ ‘ಅಳೆಗನ್ನಡ’ ಎಂದು ಜಾರಿದಾಗ, “ಅಳೆಯೋದಕ್ಕೆ ಟೇಪು ತಂದಿದ್ದೀಯೇನಮ್ಮ?” ಎಂದಿದ್ದರು. ಕೋಣೆಗೆ ಕೋಣೆಯೇ ನಕ್ಕಿತ್ತು. ಹಕಾರ ನುಂಗಿ ಮಾತಾಡುವ ಮಂಡ್ಯ ಸೀಮೆಯ ಚಿಕ್ಕರಸಿನಕೆರೆಯ ಹುಡುಗಿ ಅವಮಾನದಿಂದ ಕುಗ್ಗಿಹೋಗಿದ್ದಳು. ಅಂದಿನಿಂದ ಅವರೆದುರು ಬಾಯಿ ತೆರೆಯುವ ಮೊದಲು ಹಕಾರ ಎಲ್ಲೆಲ್ಲಿದೆ ಎಂದು ಮನಸ್ಸಿನಲ್ಲೇ ನೋಡಿಕೊಂಡು ಮಾತಾಡುತ್ತಿದ್ದಳು.

ಹಲಗೂರು ತಪ್ಪು ಎಂದಿತು ಕಂಪ್ಯೂಟರು. ಕೊನೆಯ ‘ಯು’ ತೆಗೆದರು, ತಪ್ಪು. ನಡುವೆ ಎರಡು ‘ಓ’ ಹಾಕಿದರು, ತಪ್ಪು. ‘ಎಲ್’ ಎರಡು ಮಾಡಿದರು, ಅದೂ ತಪ್ಪು. ಐಟಿ ಶಾಖೆಯಿಂದ ಬಂದು ನಿಂತಿದ್ದ ಪುನೀತ್ ಅವರ ಕೈ ತಡೆದ.

“ಸರ್, ನಾಲ್ಕಾಯ್ತು. ಐದನೇದೂ ತಪ್ಪಾದ್ರೆ ನಾಳೆ ತನಕ ಲಾಕ್. ಹೊಸ ಪಾಸ್‌ವರ್ಡ್‌ಗೆ ಕುಲಸಚಿವರ ಪತ್ರ ಬೇಕು, ಎರಡು ದಿನ ಹಿಡಿಯುತ್ತೆ.”

ಗಂಟೆ ನಾಲ್ಕೂವರೆ ದಾಟಿತ್ತು. ಶಿವರಾಜು ಇನ್ನೂ ಫೋನಿಗೆ ಸಿಕ್ಕಿರಲಿಲ್ಲ.

ದೀಪಿಕಳಿಗೆ ಉತ್ತರ ಎರಡನೆಯ ತಪ್ಪಿನಲ್ಲೇ ಹೊಳೆದಿತ್ತು. ಹೇಳಲು ನಾಚಿಕೆ. ಹೇಳಿದರೆ ‘ನಮ್ಮೋರು ಇಂಗೇಯ’ ಎಂದು ತಾನೇ ಒಪ್ಪಿಕೊಂಡಂತೆ. ಹೇಳಿಯೂ ತಪ್ಪಾದರೆ ಆರು ವರ್ಷ ಮಣ್ಣುಪಾಲು.

“ಸರ್, ಹ ಬೇಡ,” ಎಂದಳು ಕೊನೆಗೆ. “ಶಿವರಾಜಣ್ಣ ಅಲಗೂರು ಅಂದ್ರಲ್ಲ, ಅದು ಅಲಗೂರೇ.”

“ಊರಿನ ಹೆಸರು ಹಲಗೂರು ಕಣಮ್ಮ. ಬೋರ್ಡಿನಲ್ಲೇ ಇದೆ.”

“ಬೋರ್ಡು ಬರೆದವರು ಬೇರೆಯವರು ಸರ್. ಪಾಸ್‌ವರ್ಡ್ ಬರೆದಿದ್ದು ಶಿವರಾಜಣ್ಣ.”

ಮೇಷ್ಟ್ರು ಅವಳ ಮುಖ ನೋಡಿದರು, ಕುರ್ಚಿ ಬಿಟ್ಟು ಎದ್ದರು. ಅವಳು ಕೂತಳು. ‘ಎ’ಯಿಂದ ಶುರುಮಾಡಿ, ಅವನು ಅಂದಂತೆಯೇ ಕೊನೆಯ ‘ಯು’ವನ್ನೂ ಬಿಡದೆ, ಒಂದು ಎರಡು ಮೂರು ಹೊಡೆದು ಎಂಟರ್ ಒತ್ತಿದಳು. ಖಾತೆ ತೆರೆಯಿತು.

ಐದಕ್ಕೆ ಹತ್ತು ನಿಮಿಷವಿರುವಾಗ ಪ್ರಬಂಧ ಸೇರಿದ ರಸೀದಿ ಬಂತು. ಪುನೀತ್ ಅದನ್ನು ಪ್ರಿಂಟ್ ತೆಗೆದು ಅವಳ ಕೈಗಿತ್ತು ಹೊರಟ.

“ಹದಿನೆಂಟು ವರ್ಷ ಶಿವರಾಜುವಿನ ಮಾತು ತಿದ್ದಿದೆ. ಒಂದು ದಿನವೂ ಕೇಳಿಸಿಕೊಳ್ಳಲಿಲ್ಲ ನೋಡಮ್ಮ,” ಎಂದರು ತಿರುನಾರಾಯಣ.

ಅಷ್ಟರಲ್ಲಿ ಅವರ ಫೋನ್ ರಿಂಗಾಯಿತು. ಶಿವರಾಜುವೇ. “ದೀಪಿಕ ಮಾತಾಡ್ತಾಳೆ,” ಎಂದು ಮೇಷ್ಟ್ರು ಅದನ್ನು ಅವಳ ಕೈಗೆ ಕೊಟ್ಟರು.

“ಏನಾಯ್ತವ್ವ, ಕಳ್ಸುದ್ರಾ?”

“ಓಯ್ತು ಕಣಣ್ಣ. ಐದ್ರೊಳ್ಗೇ ಓಯ್ತು,” ಎಂದಳು ದೀಪಿಕ, ಮೇಷ್ಟ್ರ ಎದುರಿಗೇ, ಅಳುಕಿಲ್ಲದೆ.

ತಿರುನಾರಾಯಣ ಕೇಳುತ್ತ ಕೂತಿದ್ದರು.