ಹರಾಜುಗಾರನ ಗಂಟಲು

ಮೀನು ಮಾರುಕಟ್ಟೆಯಲ್ಲಿ ಹರಾಜು ಕೂಗುವವನ ದನಿ ಕೂತು ಬಹಳ ದಿನವಾಗಿತ್ತು. ಮಂಜುಗಡ್ಡೆಯ ಪಕ್ಕ ನಿಲ್ಲುವ ಕೆಲಸ, ಶೀತ ಎಂದು ತಳ್ಳಿಕೊಂಡು ಬಂದ. ಕೊನೆಗೆ ಹೆಂಡತಿಯೇ ಎಳೆದುಕೊಂಡು ಹೋಗಿ ತೋರಿಸಿದಳು. ಗಂಟಲಿನ ಡಾಕ್ಟರು ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಎಂದು ಬಂತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಗುತ್ತದೆ ಎಂದರು.

ಅವನು ತಲೆಯಾಡಿಸಿ ಒಪ್ಪಿಕೊಂಡ. ಇಡೀ ಮಾರುಕಟ್ಟೆಯ ಬಾಯಿ ಮುಚ್ಚಿಸುವ ಆಸಾಮಿ ಬಿಳಿ ಕೋಟು ಕಂಡರೆ ಇಲಿಯಾಗುತ್ತಿದ್ದ. ಹೆಂಡತಿಯೋ, ಒಂದು ಜೊತೆ ಚಪ್ಪಲಿಗೂ ನಾಲ್ಕು ಅಂಗಡಿ ಹತ್ತಿ ಇಳಿಯುವವಳು. ಇನ್ನೊಬ್ಬ ಡಾಕ್ಟರಿಗೆ ತೋರಿಸೋಣ ಎಂದಳು. ಇವರು ಬೇಜಾರು ಮಾಡಿಕೊಳ್ಳುತ್ತಾರೆ ಎಂದು ಅವನು ಪಿಸುಗುಟ್ಟಿದ.

"ಎರಡನೇ ಸಲ ಕೇಳದೆ ನೀವು ಒಂದು ಬುಟ್ಟಿ ಮೀನಾದ್ರೂ ಬಿಟ್ಟುಕೊಟ್ಟಿದ್ದೀರಾ? ಗಂಟಲು ಅದಕ್ಕಿಂತ ಅಗ್ಗಾನಾ?"

ಕೂಗಿ ವಾದಿಸಲು ಅವನಿಗೆ ದನಿಯಿರಲಿಲ್ಲ. ಮದುವೆಯಾದ ಮೇಲೆ ಮೊದಲ ಸಲ ಅವಳು ಜಗಳದಲ್ಲಿ ಪೂರ್ತಿ ಗೆದ್ದಳು. ಗೆದ್ದವಳು ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಅತ್ತಳು. ಅವನಿಗೆ ಕೇಳಿಸಿತು. ಅವಳು ಹೊರಗೆ ಬಂದಾಗ ರಿಪೋರ್ಟುಗಳ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದ.

ಪಕ್ಕದ ಊರಿನ ದೊಡ್ಡಾಸ್ಪತ್ರೆಗೆ ಅವನು ಹೆಂಡತಿಯ ಹಿಂದೆ ಕಳ್ಳತನಕ್ಕೆ ಹೊರಟವನ ಹಾಗೆ ಬಂದ: ಮೂಗಿನವರೆಗೆ ಮಫ್ಲರು, ಮೇಲೆ ಕಪ್ಪು ಕನ್ನಡಕ. ರೋಗಿಗಳು ಕಾಯುವ ಕೋಣೆಯ ಮೂಲೆಯಲ್ಲಿ ಮುದುರಿ ಕೂತ. ಪಕ್ಕದ ಕುರ್ಚಿಯಲ್ಲಿದ್ದವರು ಪೇಪರು ಕೆಳಗಿಳಿಸಿದರು. ಅದೇ ಗಂಟಲಿನ ಡಾಕ್ಟರು.

ಇವನು ಧಡಕ್ಕನೆ ಎದ್ದ. ಬಾಯಿಂದ ಬರೀ ಗಾಳಿ ಬಂತು. ಡಾಕ್ಟರ ಮುಖವೂ ಕೆಂಪೇರಿತು. ಕೈಯಲ್ಲಿದ್ದ ಊರುಗೋಲನ್ನು ಕುರ್ಚಿಯ ಹಿಂದೆ ಸರಿಸಿದರು.

"ಮಂಡಿ," ಎಂದರು ಮೆಲ್ಲಗೆ. "ನಮ್ಮ ಮೂಳೆ ಡಾಕ್ಟ್ರು ಆಪರೇಷನ್ ಆಗ್ಲೇಬೇಕು ಅಂದ್ರು. ಯಾವುದಕ್ಕೂ ಇನ್ನೊಬ್ರನ್ನ ಕೇಳೋಣ ಅಂತ ಬಂದೆ. ಅವರಿಗೆ ಹೇಳ್ಬೇಡಿ."

ಹೆಂಡತಿಗೆ ನಗು ತಡೆಯಲಾಗಲಿಲ್ಲ. ಸ್ವಲ್ಪ ಹೊತ್ತಿಗೆ ಮೂವರೂ ನಗುತ್ತಿದ್ದರು, ಒಬ್ಬ ಮಾತ್ರ ಸದ್ದಿಲ್ಲದೆ. ಬಂದದ್ದು ಒಳ್ಳೆಯದಾಯಿತು, ಇಲ್ಲಿನ ಡಾಕ್ಟರು ಏನು ಹೇಳಿದರೆಂದು ತನಗೂ ತಿಳಿಸಿ ಎಂದರು ಡಾಕ್ಟರು.

ಒಳಗಿದ್ದ ಡಾಕ್ಟರಮ್ಮ ಮೂಗಿನ ಮೂಲಕ ಗಂಟಲಿಗೆ ಸಣ್ಣ ಕ್ಯಾಮೆರಾ ಇಳಿಸಿ ಬಹಳ ಹೊತ್ತು ನೋಡಿದರು. ಸ್ಕ್ಯಾನನ್ನೂ ಮತ್ತೆ ಮಾಡಿಸಿದರು.

"ಕ್ಯಾನ್ಸರ್ ಇರೋದು ನಿಜ," ಎಂದರು. ಹೆಂಡತಿ ಅವನ ಕೈ ಹಿಡಿದುಕೊಂಡಳು. "ಆದ್ರೆ ಇನ್ನೂ ಒಂದೇ ಕಡೆ ಇದೆ, ಚಿಕ್ಕದು. ಪೆಟ್ಟಿಗೆ ತೆಗೆಯೋದು ಬೇಡ. ಮೊದಲು ರೇಡಿಯೇಷನ್ ಕೊಟ್ಟು ನೋಡೋಣ."

ಅವಳು ಕೈಯನ್ನು ಎಷ್ಟು ಬಿಗಿಯಾಗಿ ಹಿಸುಕಿದಳೆಂದರೆ, ಅವನಿಗೆ ದನಿಯಿದ್ದಿದ್ದರೆ ಚೀರಿದ್ದು ಆಸ್ಪತ್ರೆಗೆಲ್ಲ ಕೇಳಿಸುತ್ತಿತ್ತು.

ವಾರಗಟ್ಟಲೆ ನಡೆದ ರೇಡಿಯೇಷನ್ನಿನಲ್ಲಿ ಗಂಟಲು ಸುಟ್ಟ ಹಾಗಾಗಿ ಗಂಜಿ ನುಂಗುವುದೂ ಕಷ್ಟವಾಯಿತು. ಬಟ್ಟಲು ದೂಡುತ್ತಿದ್ದ, ಅವಳು ಮತ್ತೆ ಮುಂದಿಡುತ್ತಿದ್ದಳು. ಆಮೇಲೆ ಕ್ಯಾಮೆರಾ ಇಳಿಸಿದಾಗ ಗಡ್ಡೆ ಕಾಣಲಿಲ್ಲ. ಆಗಾಗ ಬಂದು ತೋರಿಸಬೇಕು ಎಂದರು.

ದನಿ ನಿಧಾನವಾಗಿ ಮರಳಿತು, ಸ್ವಲ್ಪ ಒಡಕಾಗಿ. ಮಾರುಕಟ್ಟೆಗೆ ವಾಪಸಾದ ದಿನ, ತನ್ನ ದನಿ ಗೋಡೆಗೆ ಬಡಿದು ತಿರುಗಿ ಬಂದದ್ದನ್ನು ಕೇಳುತ್ತಾ ಮೈಮರೆತು, ಮೊದಲ ಬುಟ್ಟಿಯನ್ನು ಮೊದಲು ಕೈಯೆತ್ತಿದವನಿಗೇ ಕೊಟ್ಟುಬಿಟ್ಟ. ಆ ಮೀನು ತಂದಿದ್ದ ದೋಣಿಯ ಯಜಮಾನ ಬಾಯಿಗೆ ಬಂದ ಹಾಗೆ ಬೈದ. ಅವನು ನಗುತ್ತಾ ಕೇಳಿಸಿಕೊಂಡ.